ಚಿಕ್ಕಮುನಿಯಮ್ಮನ ಗೋಡೆ ಆಟ

ನಮ್ಮತ್ತೆ ಚಿಕ್ಕಮುನಿಯಮ್ಮನ ಬಲಗೈ ಅಂದ್ರೆ ಏನು ಅಂತ ರಾಜಗೋಪಾಲನಗರದ ಹಳಬರನ್ನ ಕೇಳ್ಬೇಕು. ಇಲ್ಲೆಲ್ಲ ರಾಗಿ ಹೊಲ ಇದ್ದ ಕಾಲದಲ್ಲಿ, ಹಗ್ಗ ಕಿತ್ಕೊಂಡು ಓಡ್ತಿದ್ದ ಹೋರಿಯನ್ನ ಮೂಗುದಾರ ಹಿಡಿದು ಒಂದೇ ಕೈಯಲ್ಲಿ ನಿಲ್ಲಿಸಿದ್ರಂತೆ. ಹೊಲ ಹೋಗಿ ಪೀಣ್ಯದ ಶೆಡ್ಡುಗಳು ಎದ್ದ ಮೇಲೆ, ಉಳಿದ ಜಾಗದಲ್ಲಿ ಸಾಲು ರೂಮು ಕಟ್ಟಿಸಿದ್ರು. ಆಗ ಗಾರೆ ಕೆಲಸದವರಿಗೆಲ್ಲ ಮುದ್ದೆ ತಿರುವಿದ್ದು ಅದೇ ಕೈ. ನಾನು ಆನೇಕಲ್ ಕಡೆಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಒಂದು ಸಲ ಬೆನ್ನ ಮೇಲೆ ಬಿತ್ತು. ಪ್ರೀತಿಗೇ ಬಿದ್ದಿದ್ದು, ಆದ್ರೂ ನನ್ನ ಕಣ್ಣಲ್ಲಿ ನೀರು ಬಂತು.

ಆ ಕೈಗೇ ಲಕ್ವ ಹೊಡೀತು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕೋಕೆ ಹೋದವರ ಕೈಯಿಂದ ಬಕೆಟ್ಟು ಜಾರಿತು, ಅದರ ಹಿಂದೇನೇ ಅವರೂ ಕುಸಿದ್ರು. ಆಸ್ಪತ್ರೇಲಿ ಮೂಗಿಗೊಂದು ಪೈಪು, ಗುರುತು ಪರಿಚಯ ಇಲ್ಲದೋರು ಬಂದು ಮಗ್ಗುಲು ತಿರುಗಿಸೋದು. ಇಡೀ ಬೀದಿಗೆ ಜೋರು ಮಾಡ್ತಿದ್ದ ಹೆಂಗಸು ಅಲ್ಲಿ ಬಿಕ್ಕಿ ಬಿಕ್ಕಿ ಅತ್ರು. ಮನೆಗೆ ಬಂದ ದಿನ ನಮ್ಮಿಬ್ಬರನ್ನೂ ಎದುರಿಗೆ ಕೂರಿಸ್ಕೊಂಡು ತೊದಲು ನಾಲಿಗೆಯಲ್ಲೇ ಹೇಳಿದ್ರು, “ಸತ್ರೆ ಇಲ್ಲೇ ಸಾಯ್ತೀನಿ. ಇನ್ನೊಂದ್ ಕಿತ ನನ್ನ ಅಲ್ಲಿಗೆ ಒತ್ಕೊಂಡ್ ಓಗ್ಬೇಡಿ.” ನಮ್ಮೆಜಮಾನ್ರು ಶಿವಶಂಕರ್ ತಾಯಿಗೆ ಹೂಂ ಅಂದ್ಬಿಟ್ರು. ನಾನು ಹೂಂ ಅನ್ನಲಿಲ್ಲ, ಊಹೂಂ ಅಂತಾನೂ ಅನ್ನಲಿಲ್ಲ.

ಕೈಗೆ ವ್ಯಾಯಾಮ ಹೇಳಿಕೊಡೋಕೆ ಬರ್ತಿದ್ದ ಹುಡುಗಿ ಒಂದು ಮೆತ್ತನೆ ಚೆಂಡು ಕೊಟ್ಟು, ದಿನಾ ಹಿಸುಕಿ ಅಜ್ಜಿ ಅಂದ್ಳು. “ನಾನೇನ್ ಕೂಸಾ?” ಅಂತ ಅದನ್ನ ಮೋರಿಗೆ ಎಸೆದ್ರು. ಆ ಕೈ ಹಂಗೇ ಕಟ್ಟಿಗೆಯಾಗಿ ಹೋಗ್ತಿತ್ತೇನೋ. ಉಳಿಸಿದ್ದು ಒಂದು ಹಳೇ ಕಂಪ್ಯೂಟರ್ ಆಟ.

ನಮ್ಮ ಯಜಮಾನ್ರ ಲೇತ್ ಶೆಡ್ಡಿನಲ್ಲಿ ಬಿಲ್ಲು ಹಾಕೋಕೆ ಇದ್ದ ಕಂಪ್ಯೂಟರ್ ಹಳತಾಗಿ ಮನೆ ಸೇರಿತ್ತು. ಅದರಲ್ಲಿ ಮೇಲ್ಗಡೆ ಬಣ್ಣದ ಇಟ್ಟಿಗೆ ಗೋಡೆ, ಕೆಳಗಡೆ ಒಂದು ಹಲಗೆ, ನಡುವೆ ಚೆಂಡು. ಮೌಸ್ ಆಡಿಸಿ ಹಲಗೆ ಸರಿಸಿ ಚೆಂಡು ತಡೀಬೇಕು, ಅದು ಹೋಗಿ ಇಟ್ಟಿಗೆ ಒಡೀಬೇಕು. ತಡೆದ್ರೆ ಟಕ್ ಅನ್ನುತ್ತೆ, ಬಿಟ್ರೆ ಪೊಂಯ್ ಅನ್ನುತ್ತೆ. ಮಧ್ಯಾಹ್ನ ನಾನು ಆಡ್ತಾ ಕೂತಿದ್ದಾಗ ಅತ್ತೆ ಹಿಂದಿನಿಂದ ನೋಡಿ, “ಕಟ್ಟಿರೋ ಗೋಡೆ ಒಡೆಯೋದೂ ಒಂದ್ ಆಟವಾ, ತೂ ನಿನ್ನ!” ಅಂತ ಬೈದ್ರು. ಬೈತಾ ಬೈತಾನೇ ಬಂದು ಪಕ್ಕ ಕೂತ್ರು. ಆಮೇಲೆ ನನಗೆ ಆ ಕುರ್ಚಿ ಸಿಗಲೇ ಇಲ್ಲ.

ಮೊದಮೊದಲು ಎಡಗೈಯಿಂದ ಬಲಗೈ ಎತ್ತಿ ಮೌಸ್ ಮೇಲೆ ಇಟ್ಕೊಳ್ಳೋರು, ಭುಜದಿಂದ ತಳ್ಳೋರು. ಬರ್ತಾ ಬರ್ತಾ ಮೊಣಕೈ ಆಡ್ತು, ಮಣಿಕಟ್ಟು ಆಡ್ತು, ಬೆರಳು ಆಡ್ತು. ಚೆಂಡು ಮೇಲೆ ಹೋಗುವಾಗ “ಓಗು”, ಕೆಳಗೆ ಬರುವಾಗ “ಬಾರಪ್ಪ”. ದಿನವಿಡೀ ಓಗು, ಬಾರಪ್ಪ, ಓಗು, ಬಾರಪ್ಪ. ಅಡುಗೆಮನೆಯಲ್ಲಿ ನನ್ನ ತಲೆ ಚಿಟ್ಟು ಹಿಡೀತಿತ್ತು, ಆದ್ರೂ ಒಳಗೊಳಗೇ ಹಿಗ್ತಿದ್ದೆ. ಒಂದಿನ ಬಂದು ಮುದ್ದೆ ಕೋಲು ನನ್ನ ಕೈಯಿಂದ ಕಿತ್ಕೊಂಡು, “ಗಂಟ್ ಮಾಡ್ತೀಯ, ಅತ್ಲಾಗ್ ಸರಿ” ಅಂದ್ರು. ಅವತ್ತಿನ ಮುದ್ದೆಯಲ್ಲಿ ಗಂಟಿತ್ತು, ಆದ್ರೂ ನಾನೂ ಯಜಮಾನ್ರೂ ಮಾತಾಡ್ದೆ ತಿಂದ್ವಿ.

ಎರಡು ಸಾವಿರದ ಒಂಬತ್ತರ ಬೇಸಿಗೇಲಿ ಕರೆಂಟು ಹೋಗಿ ಬಂದು ಮಾಡಿ ಆ ಹಳೇ ಡಬ್ಬ ಸುಟ್ಟುಹೋಯ್ತು. ಇವರು ತಾಯಿಗೋಸ್ಕರ ಅಂತ ಒಳ್ಳೇದೇ ತರಿಸಿದ್ರು. ಹೊಸ ಕಂಪ್ಯೂಟರ್, ಹೊಸ ಗ್ರಾಫಿಕ್ಸ್ ಕಾರ್ಡು, ಅಂಗಡಿಯವನು ಹೊಗಳಿದ್ದೇ ಹೊಗಳಿದ್ದು. ಆಟದ ಹಳೇ ಸಿ.ಡಿ. ಹಾಕಿದ್ರೆ ಬರೀ ಕಪ್ಪು ಪರದೆ. ನಮ್ಮ ಕೊನೇ ರೂಮಿನಲ್ಲಿ ಬಾಡಿಗೆಗಿದ್ದ ಮಹಾನಂದಾ, ಯಾದಗಿರಿ ಕಡೆಯವಳು, ಪೀಣ್ಯದಲ್ಲಿ ಕಂಪ್ಯೂಟರ್ ಜೋಡಿಸೋ ಅಂಗಡೀಲಿ ಕೆಲಸ. ಅವಳನ್ನ ಕರೆದೆ. ಅವಳು ಏನೇನೋ ಒತ್ತಿ, ಹೊಸ ಕಂಪ್ಯೂಟರ್ ಹಳೇದರ ಥರ ನಟಿಸೋ ಹಂಗೆ ಮಾಡಿ, “ಬಂತು ನೋಡ್ರಿ ಅಕ್ಕಾರ” ಅಂದು ಡ್ಯೂಟಿಗೆ ಓಡಿದ್ಳು. ಪರದೆ ಮೇಲೆ ಗೋಡೆ ಕಾಣ್ತು, ನಾನು ಒಗ್ಗರಣೆ ಕಡೆ ಹೋದೆ.

ಟಕ್. ಪೊಂಯ್. ಪೊಂಯ್. ಪೊಂಯ್. ಆಮೇಲೆ ಸದ್ದೇ ಇಲ್ಲ.

ಅವತ್ತಿಂದ ಅತ್ತೆ ಬಾಯಿಗೆ ಬೀಗ. ಕುರ್ಚಿ ಕಡೆ ತಿರುಗಿ ನೋಡಲ್ಲ, ಬಲಗೈನ ಸೆರಗಿನೊಳಗೆ ಇಟ್ಕೊಂಡು ಮಂಚದ ಮೇಲೆ ಗೋಡೆ ಕಡೆ ಮುಖ. ಊಟಕ್ಕೆ ಕರೆದ್ರೆ, “ಆಮೇಲ್ ತಿಂತೀನಿ, ಮುಚ್ಚಿಟ್ಟೋಗು.” ಹೋಗಿ ನೋಡಿದ್ರೆ ಸಾರೆಲ್ಲ ನೆಲದ ಮೇಲೆ. ಸೀರೆ ನೆರಿಗೆ ಹಿಡಿಯೋಕೆ ನನ್ನ ಕರೀತಿದ್ರು. ಕೇಳಿದ್ರೆ ಒಂದೇ ಮಾತು, “ಕೈ ಓಯ್ತು ಕಣಮ್ಮಿ.” ರಾತ್ರಿ ಮಲಗಿದ್ರೂ ಕಿವಿ ಅವರ ಮಂಚದ ಕಡೆಗೇ. ಇವರಿಗೆ ಹೇಳಿದ್ರೆ, “ಮನಸ್ಸಿಗೆ ಬೇಜಾರಾಗಿದೆ ಕಣೆ, ಸರಿ ಹೋಗ್ತಾರೆ” ಅಂತಾರೆ. ಆಸ್ಪತ್ರೆ ಅಂದ ತಕ್ಷಣ ಅಮ್ಮ ಮಗ ಇಬ್ಬರೂ ನನ್ನ ಮೇಲೇ ಬೀಳ್ತಾರೆ. ಯಾವ ದೇವರಿಗೆ ಹರಕೆ ಹೊರಲಿ ಅಂತ ನನಗೆ ದಿಕ್ಕೇ ತೋಚಲಿಲ್ಲ.

ಆ ಹಾಳು ಆಟದಲ್ಲಿ ಏನಾಯ್ತು ನೋಡೇಬಿಡೋಣ ಅಂತ ಒಂದು ಮಧ್ಯಾಹ್ನ ನಾನೇ ಕೂತೆ. ಚೆಂಡು ಬಿಟ್ಟೆ. ಕಣ್ಣು ಮಿಟುಕಿಸೋದ್ರಲ್ಲಿ ಪೊಂಯ್! ಇನ್ನೊಂದು ಬಿಟ್ಟೆ, ಪೊಂಯ್! ಚೆಂಡು ಎಲ್ಲಿ ಹೋಯ್ತು ಎಲ್ಲಿ ಬಂತು ಅಂತಾನೇ ಕಾಣಲ್ಲ. ನನ್ನ ಎರಡೂ ಕೈ ಗಟ್ಟಿಮುಟ್ಟಾಗಿವೆ, ನನಗೇ ಸಿಗ್ತಿಲ್ಲ! ಕುರ್ಚಿ ಬೀಳೋ ಹಂಗೆ ಎದ್ದು ಕೂಗಿದೆ, “ಅತ್ತೇ! ನಿಮ್ಮ ಕೈಗೇನೂ ಆಗಿಲ್ಲ ಕಣ್ರೀ! ಈ ದರಿದ್ರ ಮಿಷಿನ್ನೇ ಹುಚ್ಚು ಹಿಡಿದಂಗೆ ಓಡ್ತಿದೆ!”

ಅತ್ತೆ ತಿರುಗಿ ನೋಡಿದ್ರು. ಎಷ್ಟೋ ದಿನದ ಮೇಲೆ ಮುಖದಲ್ಲಿ ಜೀವ ಬಂತು. “ದಿಟವಾ?” ಅಂದ್ರು. “ನಿಮ್ಮಾಣೆ” ಅಂದೆ.

ಸಂಜೆ ಮಹಾನಂದಾ ಬಂದವಳೇ ನೋಡಿ ಹಣೆ ಚಚ್ಚಿಕೊಂಡ್ಳು. “ಅಯ್ಯ ಶಿವನ! ಹಿಂದಿನ ಕಾರ್ಡು ಮೆಲ್ಲಕ ಚಿತ್ರ ಬಿಡಿಸ್ತಿತ್ರಿ. ಒಂದೊಂದು ಚಿತ್ರಕ್ಕ ಚೆಂಡು ಒಂದೊಂದು ಹೆಜ್ಜಿ ಇಡ್ತದ. ಈ ಹೊಸ ಕಾರ್ಡು ಅಷ್ಟರಾಗ ನೂರಾರು ಚಿತ್ರ ಬಿಡಿಸ್ತದ, ಚೆಂಡೂ ನೂರಾರು ಹೆಜ್ಜಿ ಓಡ್ತದ. ಕಾರ್ಡು ಛಲೋ ಅದ, ಆಟಕ್ಕ ಅದ ಮುಳುವಾಗ್ಯದ.” ಚಿತ್ರಗಳ ವೇಗಕ್ಕೆ ಕಡಿವಾಣ ಹಾಕೋ ಒಂದು ಪ್ರೋಗ್ರಾಮ್ ಅಂಗಡಿಯಿಂದ ತರ್ತೀನಿ ಅಂದ್ಳು. ನನಗೆ ಅವಳ ಕೆನ್ನೆ ಹಿಂಡಿ ಮುತ್ತು ಕೊಡೋಷ್ಟು ಖುಷಿ.

ಅತ್ತೆ ಮಾತ್ರ, “ಬುಡಮ್ಮಿ, ಅಂಗೇ ಇರ್ಲಿ. ಅದ್ಯಾಕ್ ರಿಪೇರಿ?” ಅಂದ್ರು.

ನಾನು ಬೆರಗಾದೆ. ಇಷ್ಟು ದಿನ ಕೈ ಹೋಯ್ತು ಅಂತ ಕೊರಗಿದವರು, ಕೈ ಹೋಗಿಲ್ಲ ಅಂತ ಗೊತ್ತಾದ ಮೇಲೆ ಆಡೋದು ಬೇಡವಂತೆ! ಮಿಷಿನ್ ತಪ್ಪು ಅಂತ ತಿಳಿದ್ಮೇಲೆ ಅವರು ಎರಡು ತುತ್ತು ಜಾಸ್ತಿ ತಿಂದ್ರು, ಬೀದಿ ಹೆಂಗಸರಿಗೆಲ್ಲ “ಕಂಪೂಟ್ರು ಕೆಟ್ಟೋಗದೆ, ನನ್ ಕೈ ಎಂಗದೋ ಅಂಗೇ ಅದೆ” ಅಂತ ಹೇಳ್ಕೊಂಡ್ರು. ಆದ್ರೆ ಕೈ ಸೆರಗಿನಿಂದ ಹೊರಗೆ ಬರಲಿಲ್ಲ. ಆಟ ಬಿಟ್ಟು ಜಡ್ಡುಗಟ್ಟಿದೆ, ಆಡಿದ್ರೆ ಸರಿ ಹೋಗುತ್ತೆ ಅಂತ ನನಗೆ ನಾನೇ ಹೇಳ್ಕೊಂಡೆ. ಮಹಾನಂದಾ ಅವಸರ ಮಾಡ್ಲಿ ಅಂತ ದಿನಾ ಅವಳ ಬಾಗಿಲು ತಟ್ಟಿದೆ.

ಭಾನುವಾರ ಬಂದು ಕೂತ್ಳು. ಕಡಿವಾಣ ಹಾಕಿದ್ಳು. ಆಗ ಇನ್ನೊಂದು ಫಜೀತಿ. “ಮೊದಲು ಎಷ್ಟು ಸ್ಪೀಡ್ ಇತ್ರಿ ಅಕ್ಕಾರ?” ಯಾರಿಗೆ ಗೊತ್ತು? ಹಳೇ ಡಬ್ಬ ಗುಜರಿಗೆ ಹೋಗಿ ಆಯ್ತು. ಜಾಸ್ತಿ ಇಟ್ರೆ ಮತ್ತೆ ಕೈ ಹೋಯ್ತು ಅಂತಾರೆ. ಕಮ್ಮಿ ಇಟ್ರೆ ನನಗೆ ಕನಿಕರ ತೋರಿಸ್ತೀರಾ ಅಂತ ಕೀಬೋರ್ಡ್ ಎತ್ತಿ ಬಿಸಾಡ್ತಾರೆ, ಅವರ ಬುದ್ಧಿ ನನಗೆ ಗೊತ್ತಿಲ್ವಾ. “ಅಮ್ಮಾರ, ನೀವ ಬಂದು ಹೇಳ್ರಿ” ಅಂದ್ರೆ ಅತ್ತೆ ಮಂಚದ ಮೇಲೆ ಗೋಡೆ ಕಡೆ ಮಗ್ಗುಲು ತಿರುಗಿದ್ರು.

ಆಗ ನನಗೆ ಹೊಳೀತು. ವರ್ಷಗಟ್ಟಲೆ ನನ್ನ ತಲೆ ತಿಂದ ರಾಗ ಅಲ್ವಾ! ಕಣ್ಣು ಮುಚ್ಕೊಂಡು ಹೇಳ್ದೆ, “ಓಗು... ಬಾರಪ್ಪ. ಓಗು... ಬಾರಪ್ಪ.” ಅವಳು ಚೆಂಡು ತಡೀತಾ ನಂಬರ್ ಇಳಿಸಿದ್ಳು. “ಇನ್ನೂ ಓಡ್ತಿದೆ, ಇಳಿಸು.” ಇಳಿಸಿದ್ಳು. “ಜಾಸ್ತಿ ಆಯ್ತು, ತೂಕಡಿಸ್ತಿದೆ, ಏರಿಸು.” ಏರಿಸಿದ್ಳು. ಒಂದು ಕಡೆ ಬಂದು ನನ್ನ ಬಾರಪ್ಪಕ್ಕೂ ಚೆಂಡು ಹಲಗೆಗೆ ಬಡಿಯೋದಕ್ಕೂ ಸರಿ ಕೂತ್ಕೊಳ್ತು. ಟಕ್. ಟಕ್. ಅದೇ ವೇಗ! ಮಂಚದ ಮೇಲೆ ಅತ್ತೆ ಎದ್ದು ಕೂತಿದ್ರು, ಮುಖ ಬಿಳಿಚ್ಕೊಂಡಿತ್ತು.

“ಬನ್ನಿ ಅತ್ತೆ.”

“ಇವತ್ ಬ್ಯಾಡ.”

ನನ್ನ ಪಿತ್ತ ನೆತ್ತಿಗೇರಿತು. “ಏನ್ ಹಠಾ ರೀ ನಿಮ್ದು! ಆ ಹುಡುಗಿ ರಜಾ ದಿನ ಹಾಳು ಮಾಡ್ಕೊಂಡು ಕೂತಿದ್ದಾಳೆ. ಕೈ ಸರಿ ಇದೆ, ಮಿಷಿನ್ನೂ ಸರಿ ಆಯ್ತು. ಇನ್ನೇನು ನಿಮಗೆ ಕಷ್ಟ?” ಅತ್ತೆ ನನ್ನ ಮುಖವನ್ನೇ ನೋಡಿದ್ರು. ಸಿಟ್ಟು ಮಾಡ್ಕೋತಾರೆ ಅಂದ್ಕೊಂಡೆ, ಮಾಡ್ಕೊಳ್ಳಲಿಲ್ಲ. “ಆಯ್ತು. ನೀವಿಬ್ರೂ ಆಚೆ ಓಗಿ” ಅಂದ್ರು.

ಮಹಾನಂದಾ ತನ್ನ ರೂಮಿಗೆ ಹೋದ್ಳು. ನಾನು ಅಡುಗೆಮನೆಗೆ ಬಂದು ಸೊಪ್ಪು ಬಿಡಿಸ್ತಾ ಕೂತೆ, ಒಂದೆಲೆಯೂ ಕಣ್ಣಿಗೆ ಕಾಣ್ತಿರಲಿಲ್ಲ. ಕುರ್ಚಿ ಎಳೆದ ಸದ್ದಾಯ್ತು. ಪೊಂಯ್. ಮತ್ತೆ ಪೊಂಯ್. ತುಂಬಾ ಹೊತ್ತು ಏನೂ ಇಲ್ಲ. ಎದ್ದು ಹೋಗಿಬಿಟ್ರಾ, ಕೂತಲ್ಲೇ ಏನಾದ್ರೂ ಆಯ್ತಾ ಅಂತ ಬಾಗಿಲ ಕಡೆ ಕಿವಿ ಕೊಟ್ಟೆ. ಮತ್ತೆ ಪೊಂಯ್. ಆಮೇಲೆ ಟಕ್. ಪೊಂಯ್. ಟಕ್. ಟಕ್. ಪೊಂಯ್. ಟಕ್, ಟಕ್, ಟಕ್.

ಅಯ್ಯೋ ನನ್ನಪ್ಪಾ! ಸೊಪ್ಪನ್ನ ಅಲ್ಲೇ ಬಿಟ್ಟು ನಗ್ತಾ, ಕಣ್ಣೊರೆಸ್ಕೊಳ್ತಾ ಓಡಿದೆ. “ನೋಡಿದ್ರಾ ಅತ್ತೆ, ನಾನು ಹೇಳಲಿಲ್ವಾ...”

ಮೌಸು ಅವರ ಎಡಗೈಯಲ್ಲಿತ್ತು.

ಎಡಗೈಯಲ್ಲಿ ಬಾಡಿಗೆ ದುಡ್ಡನ್ನೂ ಮುಟ್ಟದ ಹೆಂಗಸು. ಬಿಗಿಯಾಗಿ ಹಿಡ್ಕೊಂಡು, ಹಲ್ಲು ಕಚ್ಕೊಂಡು, ಚೆಂಡನ್ನೇ ನೋಡ್ತಾ ಹಲಗೆ ತಳ್ತಿದ್ರು. ಬಲಗೈ ತೊಡೆ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು.

“ಅತ್ತೆ,” ಅಂದೆ.

“ಇದು ಆ ಅಳೇ ಡಬ್ಬ ಸುಟ್ಟೋದ್ ವಾರದಾಗೇ ಓಗಿತ್ತು ಕಣಮ್ಮಿ,” ಅಂದ್ರು, ಪರದೆಯಿಂದ ಕಣ್ಣು ತೆಗೀದೆ. “ಒಸ ಕಂಪೂಟ್ರು ಬರೋಕ್ ಮುಂಚೆನೇ ಜೋಮ್ ಇಡ್ದಿತ್ತು. ಯೋಳಿದ್ರೆ ಅಲ್ಲಿಗೆ ಒತ್ಕೊಂಡ್ ಓಯ್ತೀರಿ ಅಂತ ಸುಮ್ಕಾದೆ. ನೀನು ಮಿಷಿನ್ ತಪ್ಪು ಅಂದೆ ನೋಡು, ನಂಗೂ ಅಂಗೇ ಇರ್ಲಿ ಅನ್ನುಸ್ತು. ಅದು ರಿಪೇರಿ ಆಗ್ದೆ ಇರೋಗಂಟ ಅಂಗಂದ್ಕೊಂಡಾದ್ರೂ ಇರ್ಬೋದಿತ್ತು.”

ಟಕ್, ಅಂತು ಚೆಂಡು.

“ರೀ! ಬೇಗ ಆಟೋ ಕರೀರಿ!” ಅಂತ ಹೊರಗೆ ಗಾಡಿ ಒರೆಸ್ತಿದ್ದ ಇವರಿಗೆ ಕೂಗಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅತ್ತೆ ಬೇಡ ಅನ್ನಲಿಲ್ಲ. ಮೌಸ್ ಕೂಡ ಬಿಡಲಿಲ್ಲ. ಅವರ ಕಾಲ ಹತ್ರ ಕೂತು ತೊಡೆ ಮೇಲಿದ್ದ ಬಲಗೈನ ನನ್ನ ಎರಡೂ ಕೈಯಲ್ಲಿ ತಗೊಂಡು ಗಟ್ಟಿಯಾಗಿ ಅಮುಕಿದೆ. ಅದು ತಿರುಗಿ ಅಮುಕಲಿಲ್ಲ.