ದಕ್ಕದ ಒತ್ತಕ್ಷರ

ಪಂಕ್ಚರ್ ಅಂಗಡಿಯವನನ್ನು ಆಯಮ್ಮ ಮೊದಲು ಕಂಡದ್ದು ಆಸ್ಪತ್ರೆಯ ಬಾಗಿಲಲ್ಲಿ, ನೆಲ ಒರೆಸುತ್ತಿದ್ದಾಗ. ಅವನನ್ನು ಕೂರಿಸಿದ್ದ ಗಾಲಿಕುರ್ಚಿಯ ಚಕ್ರ ಗಾಳಿಯಿಲ್ಲದೆ ನೆಲ ಕಚ್ಚಿತ್ತು.

“ಮೊದ್ಲು ಇದಕ್ಕೆ ಡಾಕ್ಟ್ರನ್ನ ಕರೀರಿ. ಆಮೇಲೆ ನಂಗೆ,” ಎಂದ.

ಗಂಡ ತೀರಿದ ಮೇಲೆ ಆಯಮ್ಮನಿಗೆ ಬಾಯ್ತುಂಬ ನಗು ಬಂದದ್ದು ಅವತ್ತೇ.

ಲಾರಿ ಗುದ್ದಿ ಮುರಿದ ಅವನ ಕಾಲಿಗೆ ಕಂಬಿ ಹಾಕಿದ್ದರು. ಕಂಬಿಯ ಸುತ್ತ ಕೀವು. ಸಾಮಾನ್ಯ ಔಷಧಿಗಳಿಗೆ ಬಗ್ಗದ ರೋಗಾಣು ಮೂಳೆಯೊಳಗೆ ಅಡಗಿ ಕೂತಿತ್ತು. ಬಗ್ಗಿಸುವಂಥದ್ದು ಒಂದೇ ಔಷಧಿ. ಅದೂ ಮೈಯೆಲ್ಲ ಹರಿದು ಮೂತ್ರಪಿಂಡವನ್ನೇ ತಿನ್ನುತ್ತಿತ್ತು. ಹೆಂಡತಿ ಅಂಗಡಿ ನೋಡಿಕೊಂಡು ಸಂಜೆ ಬರುವಳು, ಬೆರಳ ತುಂಬ ಟ್ಯೂಬಿನ ಕಪ್ಪು.

ಮೇಲಿನ ಮಹಡಿಯ ಲ್ಯಾಬಿನ ಹುಡುಗಿ ಒಂದು ದಿನ ಹಾಸಿಗೆಯ ಪಕ್ಕ ಕೂತು ಬಿಡಿಸಿ ಹೇಳಿದಳು. ಅದೇ ಔಷಧಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಲ್ಲಿ ತುಂಬುತ್ತಾರಂತೆ. ಗುಳ್ಳೆ ರೋಗಾಣುವನ್ನು ಹುಡುಕಿಕೊಂಡು ಹೋಗಿ ಅಲ್ಲೇ ಒಡೆಯುತ್ತದಂತೆ. ಮನುಷ್ಯರಿಗೆ ಕೊಡಲು ಮೇಲಿನವರ ಒಪ್ಪಿಗೆಯೊಂದು ಬರಬೇಕು.

“ನಮ್ಮ ಅಂಗಡೀಲಿ ಟ್ಯೂಬ್ ನೀರಿಗದ್ದಿದ್ರೆ ಗುಳ್ಳೆ ಬಂದು ತೂತು ತೋರ್ಸುತ್ತೆ,” ಎಂದ ಅವನು. “ನಿಮ್ಮ ಗುಳ್ಳೆ ತಾನೇ ಹೋಗಿ ಪ್ಯಾಚ್ ಹಾಕುತ್ತಾ? ನನ್ನ ಹೊಟ್ಟೆ ಮೇಲೆ ಹೊಡೀತೀರಲ್ಲ ತಾಯಿ!”

ಮಹಡಿ ಒರೆಸಲು ಹೋದ ಆಯಮ್ಮ ಲ್ಯಾಬಿನ ಬಾಗಿಲ ಮೇಲಿದ್ದುದನ್ನು ಕೂಡಿಸಿ ಕೂಡಿಸಿ ಓದಿದಳು. ಒತ್ತಕ್ಷರ ಅವಳಿಗೆ ಎಂದೂ ದಕ್ಕಿದ್ದಲ್ಲ. ಕೆಳಗಿಳಿದು ಬಂದು ಅವನಿಗೆ ಹೇಳಿದಳು.

“ಬಾಗ್ಲ ಮೇಲೆ ‘ನಾನೋ’ ಅಂತ ಬರ್ದಿದ್ದಾರೆ ಕಣಪ್ಪಾ.”

ಅದು ‘ನ್ಯಾನೋ’ ಎಂದು ಅಲ್ಲೇ ಇದ್ದ ಲ್ಯಾಬಿನ ಹುಡುಗಿ ತಿದ್ದಿದಳು. ಯಾರು ಕೇಳುತ್ತಾರೆ! ಅವನು ಕೆಮ್ಮು ಹತ್ತುವಷ್ಟು ನಕ್ಕ. “ಮೊದ್ಲ ಸೂಜಿ ಯಾರಿಗೆ ಅಂತ ಬಾಗ್ಲಲ್ಲೇ ಕೇಳ್ತಿದ್ದಾರಾ? ಹೂಂ, ಆ ಪಂಕ್ಚರ್‌ನವನೇ ಅಂತ ಹೇಳ್ಬಿಟ್ಟು ಬನ್ನಿ!”

ಅಂದಿನಿಂದ ಆಯಮ್ಮ ಮೆಟ್ಟಿಲಿಳಿದರೆ ಸಾಕು, “ಆಯಮ್ಮಾ, ನಾನೋ?”

“ಇನ್ನೂ ಇಲ್ಲ ಕಣೋ. ಹೀಗೆ ಕತ್ತು ಚಾಚಿ ಚಾಚಿ ಕೊಕ್ಕರೆ ಆಗ್ತೀಯ ನೋಡು.”

ಒಪ್ಪಿಗೆ ಬಂತು. ಅಷ್ಟರಲ್ಲಿ ನಂಜು ರಕ್ತಕ್ಕೇರಿ ಅವನಿಗೆ ಮೂತ್ರ ನಿಂತುಹೋಗಿತ್ತು. ಮೂತ್ರಪಿಂಡ ಕೆಟ್ಟವರಿಗೆ ಈ ಔಷಧಿ ಕೊಡಕೂಡದೆಂದು ಒಪ್ಪಿಗೆಯಲ್ಲೇ ಕಟ್ಟಳೆ. ಮೊದಲ ಸೂಜಿ ಪಕ್ಕದ ವಾರ್ಡಿನ ಹೆಂಗಸಿಗೆ ಎಂದು ಹೇಳಿದ ಲ್ಯಾಬಿನ ಹುಡುಗಿ ಮೆಟ್ಟಿಲ ಮೇಲೆಯೇ ಕುಸಿದು ಅತ್ತಳು. ಆಯಮ್ಮ ಅವಳ ತಲೆ ಸವರಿದಳು. ಸೆರಗಿನಲ್ಲಿ ತನ್ನ ಮುಖ ಒರೆಸಿಕೊಂಡಳು. ಬಕೆಟ್ ಎತ್ತಿಕೊಂಡು ಕೆಳಗಿಳಿದಳು.

ಬಕೆಟ್ಟಿನ ಹಿಡಿಯ ಕಿರುಗುಟ್ಟು ಅವನಿಗೆ ಗುರುತು. ಕಣ್ಣು ತೆರೆಯಲಾಗಲಿಲ್ಲ. ಹೆಂಡತಿಯ ಕಪ್ಪು ಬೆರಳು ಹಿಡಿದಿದ್ದ ಕೈ ಮಾತ್ರ ಅಲುಗಿತು.

“ಆಯಮ್ಮಾ... ನಾನೋ?”