ಚಕ್ಕುಲಿ ಕಂಬಳದಲ್ಲಿ ಮೂಡಿದ ಗಣಪತಿ

ಟಿ.ವಿ.ಯ ಹಿಂದೆ ಕೈ ಹಾಕಿದ ಮಕ್ಕಳಿಗೆ ಬೆನ್ನಿಗೆ ಗುದ್ದು ಖಾತ್ರಿಯಾಗಿದ್ದ ಕಾಲ ಅದು. ತೊಂಬತ್ತರ ದಶಕದ ನಡುಭಾಗ. ಶಿರಸಿಯ ನಮ್ಮ ಕೇರಿಯಲ್ಲಿ ಟಿ.ವಿ. ಇದ್ದ ಮನೆಗಳೇ ಕಡಿಮೆ. ಇದ್ದ ಟಿ.ವಿ.ಗಳ ಮೇಲೆಲ್ಲ ಕ್ರೋಷಾ ಹೆಣಿಗೆಯ ಒಂದು ಬಟ್ಟೆ, ಅದರ ಮೇಲೊಂದು ಪ್ಲಾಸ್ಟಿಕ್ ಹೂವಿನ ಕುಂಡ. ಅಂಥ ಕಾಲದಲ್ಲಿ ಆರನೇ ಕ್ಲಾಸಿನ ನಾನು ದಿನಾ ಸಂಜೆ ನಮ್ಮ ಟಿ.ವಿ.ಯ ಆಂಟೆನಾ ವೈರು ಕಿತ್ತು, ಆ ತೂತಿಗೆ ಕಂಪ್ಯೂಟರಿನ ವೈರು ಸಿಕ್ಕಿಸುತ್ತಿದ್ದೆ. ಗುದ್ದು ಬೀಳುತ್ತಿರಲಿಲ್ಲ. ಯಾಕೆಂದರೆ ಆ ಕೆಲಸ ಗೊತ್ತಿದ್ದವಳು ಇಡೀ ಕೇರಿಗೆ ನಾನೊಬ್ಬಳೇ. ಜಂಭ ಎನ್ನುತ್ತೀರಾದರೆ ಹೌದು, ಜಂಭವೇ. ಈಗಲೂ ಹೋಗಿಲ್ಲ.

ನಮ್ಮ ಕಂಪ್ಯೂಟರ್ ಎಂದರೆ ಒಂದು ಕೀಬೋರ್ಡು, ಅಷ್ಟೇ. ಪಂಚಾಂಗಕ್ಕಿಂತ ಸ್ವಲ್ಪ ದೊಡ್ಡದು. ಕಪ್ಪು ಮೈ, ಒತ್ತಿದರೆ ಮೆತ್ತಗೆ ಒಳಗೆ ಹೋಗುವ ರಬ್ಬರ್ ಗುಂಡಿಗಳು. ಮಿದುಳೆಲ್ಲ ಅದರೊಳಗೇ. ಪರದೆಯ ಕೆಲಸಕ್ಕೆ ಟಿ.ವಿ. ಕರೆಂಟು ಇದ್ದಷ್ಟು ಹೊತ್ತು ಮಾತ್ರ ಅದಕ್ಕೆ ನೆನಪು. ಮಾಡಿದ ಕೆಲಸ ನಾಳೆಗೂ ಉಳಿಯಬೇಕೆಂದರೆ ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿಗೆ ತುಂಬಬೇಕಿತ್ತು. ಕಂಪ್ಯೂಟರು ತನ್ನ ಮಾತನ್ನು ಕಿರಿಚಿ ಹೇಳುತ್ತಿತ್ತು, ಕ್ಯಾಸೆಟ್ಟು ಕೇಳಿಸಿಕೊಳ್ಳುತ್ತಿತ್ತು. ಮರುದಿನ ಕ್ಯಾಸೆಟ್ಟಿನ ಸರದಿ. ಅದು ಅದೇ ಮಾತನ್ನು ಐದಾರು ನಿಮಿಷ ವಾಪಸು ಕಿರಿಚಬೇಕು. ‘ಕೀಂ… ಕರ್ರ್… ಕೀಂ… ಕರ್ರ್ರ್ರ್…’

‘ಅಯ್ಯೋ ರಾಮನೇ, ಬೆಕ್ಕಿನ ಬಾಲ ಬಾಗ್ಲಿಗೆ ಸಿಕ್ಕಿದಾಂಗೆ ಆಗ್ತಲೆ’ ಎಂದು ಆಯಿ, ಅಂದರೆ ನನ್ನಮ್ಮ, ಒಳಗಿನಿಂದ ಕೂಗುತ್ತಿದ್ದಳು.

ಇದನ್ನು ತಂದುಕೊಟ್ಟವರು ಮುಂಬಯಿಯಲ್ಲಿದ್ದ ದೊಡ್ಡಪ್ಪ. ತಮ್ಮ ಮಕ್ಕಳಿಗೆ ದೊಡ್ಡ ಕಂಪ್ಯೂಟರು ಬಂದಿದ್ದರಿಂದ ಹಳೆಯದನ್ನು ಬೇಸಿಗೆ ರಜೆಗೆ ಬರುವಾಗ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಜೊತೆಗೆ ಅದರ ಇಂಗ್ಲಿಷ್ ಪುಸ್ತಕ. ದೊಡ್ಡಪ್ಪ ಮಾತಿಗೆ ಗಟ್ಟಿ. ಹೊರಡುವ ದಿನ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದರು:

‘ನೋಡು ಕೂಸೆ, ಚೌತಿಗೆ ಬತ್ತೆ. ಆಗ ಇದರಲ್ಲಿ ನೀನೇ ಮಾಡಿದ್ದು ಎಂತಾದ್ರೂ ತೋರ್ಸವು. ಬರೀ ಧೂಳು ಹೊಡ್ಕಂಡಿದ್ರೆ ಧಾರವಾಡಕ್ಕೆ ತಗಂಡ್ ಹೋಗ್ತೆ. ದೊಡ್ಡಮ್ಮನ ಅಣ್ಣನ ಮಾಣಿ ಕಾಯ್ತಾ ಇದ್ದ.’

ಆ ಹುಡುಗನನ್ನು ನಾನು ನೋಡಿರಲಿಲ್ಲ. ಆದರೂ ಅವತ್ತಿನಿಂದ ಅವನು ನನ್ನ ಪರಮ ವೈರಿಯಾದ.

ಏನು ಮಾಡಿ ತೋರಿಸುವುದು? ಇಂಗ್ಲಿಷ್ ಪುಸ್ತಕ ಮೊದಮೊದಲು ನನಗೆ ಕಬ್ಬಿಣದ ಕಡಲೆ. ಆದರೆ ಅದರ ಒಂದು ಪುಟದಲ್ಲಿ ಚೌಕುಳಿ ಚೌಕುಳಿಯ ಚಿತ್ರವಿತ್ತು. ಎಂಟು ಸಾಲು, ಸಾಲಿಗೆ ಎಂಟು ಮನೆ, ಕೆಲವು ಮನೆ ಕಪ್ಪು, ಕೆಲವು ಬಿಳಿ. ಕಪ್ಪು ಇದ್ದಲ್ಲಿ ಒಂದು, ಬಿಳಿ ಇದ್ದಲ್ಲಿ ಸೊನ್ನೆ ಒತ್ತಿದರೆ ಅದೇ ಆಕಾರ ಟಿ.ವಿ.ಯಲ್ಲಿ ಮೂಡುತ್ತದೆ. ಆ ಪುಟ ನೋಡಿದ್ದೇ ನಾನು ಕುಣಿದುಬಿಟ್ಟೆ. ಇದು ಚುಕ್ಕಿ ರಂಗೋಲಿಯಲ್ಲದೆ ಮತ್ತೇನು! ಅಂಗಳದಲ್ಲಿ ದಿನಾ ಹಾಕುವುದನ್ನು ಇವರು ಇಂಗ್ಲಿಷಿನಲ್ಲಿ ಬರೆದಿದ್ದಾರೆ, ಅಷ್ಟೇ. ಅಂಥ ಹತ್ತಾರು ಚೌಕಗಳನ್ನು ಪಕ್ಕಪಕ್ಕ ಜೋಡಿಸಿ, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಚುಕ್ಕಿ ಇಟ್ಟು ಗಣಪತಿ ಬರೆದೆ. ಕಿರೀಟ, ಮೊರದಂಥ ಕಿವಿ, ಡೊಳ್ಳು ಹೊಟ್ಟೆ, ಕೈಯಲ್ಲೊಂದು ಮೋದಕ. ಚೌತಿಗೆ ಗಣಪತಿಯನ್ನಲ್ಲದೆ ಯಾರನ್ನು ತೋರಿಸುವುದು?

ಬರೆಯುವುದು ಸುಲಭ, ಒಳಗೆ ಹೊಗಿಸುವುದು ಕಷ್ಟ. ದಿನಕ್ಕೆ ನನಗೆ ಸಿಗುತ್ತಿದ್ದದ್ದು ಅಪ್ಪಯ್ಯ ವಾರ್ತೆ ಹಾಕುವ ಮೊದಲಿನ ಒಂದು ಗಳಿಗೆ. ಅದರಲ್ಲಿ ಕ್ಯಾಸೆಟ್ಟಿನ ಕಿರಿಚಾಟಕ್ಕೇ ಅರ್ಧ ಹೊತ್ತು. ಹಾಳೆ ನೋಡಬೇಕು, ಗುಂಡಿ ನೋಡಬೇಕು, ಟಿ.ವಿ. ನೋಡಬೇಕು. ಅಷ್ಟರಲ್ಲಿ ಯಾವ ಸಾಲಿನಲ್ಲಿದ್ದೆ ಎನ್ನುವುದೇ ಮರೆತುಹೋಗುತ್ತಿತ್ತು. ಹಾಗೂ ಹೀಗೂ ಶ್ರಾವಣ ಕಳೆಯುವ ಹೊತ್ತಿಗೆ ಗಣಪತಿಗೆ ಕಾಲು ಬಂದಿತ್ತು. ಪೀಠ ಒಂದು ಬಾಕಿ.

ಚೌತಿ ಹತ್ತಿರವಾಯಿತೆಂದರೆ ನಮ್ಮಲ್ಲಿ ಚಕ್ಕುಲಿ ಕಂಬಳ. ಒಂದೊಂದು ದಿನ ಒಂದೊಂದು ಮನೆಯಲ್ಲಿ ನೆರೆಹೊರೆಯವರೆಲ್ಲ ಸೇರಿ ಚಕ್ಕುಲಿ ಸುತ್ತಿಕೊಡುವುದು. ಅಚ್ಚು ಒತ್ತುವ ಚಕ್ಕುಲಿಯಲ್ಲ, ಬೆರಳ ತುದಿಯಲ್ಲಿ ಹಿಟ್ಟನ್ನು ಹುರಿ ಮಾಡುತ್ತ ಸುತ್ತುವ ಕೈಚಕ್ಕುಲಿ. ಅದು ಹೆಚ್ಚಾಗಿ ಗಂಡಸರ ಕೆಲಸ. ಅದರಲ್ಲಿ ಪಕ್ಕದ ಮನೆಯ ಸುಬ್ರಾಯ ಭಾವನದು ಎತ್ತಿದ ಕೈ. ಅವರು ಸುತ್ತಿದ್ದನ್ನು ಎಣ್ಣೆಗೆ ಬಿಡಲಿಕ್ಕೇ ಮನಸ್ಸು ಬರುತ್ತಿರಲಿಲ್ಲ. ಕೊಬ್ಬರಿ ಎಣ್ಣೆ ಕಾದ ಪರಿಮಳ, ಓಮದ ಘಾಟು, ನಡುನಡುವೆ ಅವಲಕ್ಕಿ, ಚಹ, ಒಬ್ಬರ ಕಾಲು ಒಬ್ಬರು ಎಳೆಯುವ ಮಾತು. ಚಕ್ಕುಲಿಗಿಂತ ಆ ಮಾತೇ ಹೆಚ್ಚು ರುಚಿ.

ಆ ವರ್ಷ ನಮ್ಮ ಮನೆಯ ಕಂಬಳ ಶನಿವಾರ ಇತ್ತು. ಸುಬ್ರಾಯ ಭಾವನ ಹೆಂಡತಿ ಶಾಂತಕ್ಕನಿಗೆ ಅವತ್ತು ಒಂದು ಆಸೆ ಹುಟ್ಟಿತು. ಅವಳ ಮಗಳು ಮದುವೆಯಾಗಿ ಪುಣೆಗೆ ಹೋದಮೇಲೆ ಅದು ಮೊದಲ ಚೌತಿ. ಪಾಪ, ಮಗಳಿಗೆ ಕಂಬಳ ತಪ್ಪಿತಲ್ಲ, ಇಲ್ಲಿನ ಮಾತು ನಗೆಯನ್ನಾದರೂ ರೆಕಾರ್ಡ್ ಮಾಡಿ ಕಳಿಸೋಣ ಎಂದುಕೊಂಡಳು. ಟೇಪ್ ರೆಕಾರ್ಡರು ಟಿ.ವಿ.ಯ ಪಕ್ಕದಲ್ಲೇ ಇತ್ತು, ಒಳಗೆ ಕ್ಯಾಸೆಟ್ಟೂ ಇತ್ತು. ಹಾಕಿ ನೋಡಿದಳು. ‘ಕರ್ರ್ರ್’ ಎಂದಿತು. ಹಾಳಾದ ಕ್ಯಾಸೆಟ್ಟು ಎಂದು ತೀರ್ಮಾನಿಸಿ, ಮೊದಲಿನವರೆಗೆ ಹಿಂದಕ್ಕೆ ಸುತ್ತಿ, ರೆಕಾರ್ಡಿನ ಕೆಂಪು ಗುಂಡಿ ಒತ್ತಿದಳು.

ನಾನು ಶಾಲೆ ಬಿಟ್ಟು ಬಂದವಳು ಮೊದಲು ಚಕ್ಕುಲಿ ತಿಂದೆ. ಎಲ್ಲರೂ ಹೋದಮೇಲೆ ಕಂಪ್ಯೂಟರು ಜೋಡಿಸಿ ಕ್ಯಾಸೆಟ್ಟು ಹಾಕಿದರೆ ಒಳಗಿನಿಂದ ಸುಬ್ರಾಯ ಭಾವನ ದನಿ: ‘ಅಲ್ದ, ಮೂಲೆ ಮನೆ ಮಾಸ್ತರು ಸುತ್ತಿದ ಚಕ್ಕುಲಿ ನೋಡಿ, ಎರೆಹುಳಕ್ಕೆ ಹೊಟ್ಟೆನೋವು ಬಂದಾಂಗೆ ಇದ್ದು!’ ಮೇಲಿಂದ ಶಾಂತಕ್ಕನ ನಗೆ. ಕಂಪ್ಯೂಟರು ಪಾಪ, ಆ ನಗೆಯನ್ನು ಅರ್ಥ ಮಾಡಿಕೊಳ್ಳಲು ಒದ್ದಾಡುತ್ತಿತ್ತು. ಕ್ಯಾಸೆಟ್ಟನ್ನು ಮುಂದೆ ಓಡಿಸಿದೆ, ಹಿಂದೆ ಓಡಿಸಿದೆ. ಎಲ್ಲಿ ನೋಡಿದರೂ ಕಂಬಳ. ಗಣಪತಿಯ ಒಂದು ಉಗುರೂ ಉಳಿದಿರಲಿಲ್ಲ.

ಅತ್ತುಬಿಟ್ಟೆ. ಅಪ್ಪಯ್ಯನಿಗೆ ಹೆದರಿಕೆಯಾಗುವಷ್ಟು ಅತ್ತೆ. ಸೋಮವಾರ ಬೆಳಿಗ್ಗೆಯ ಬಸ್ಸಿಗೆ ದೊಡ್ಡಪ್ಪ ಬರುವವರಿದ್ದರು. ನಡುವೆ ಉಳಿದದ್ದು ಒಂದು ಭಾನುವಾರ. ಧಾರವಾಡದ ಮಾಣಿ ನನ್ನ ಕಂಪ್ಯೂಟರನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದಂತೆಯೇ ಕಾಣುತ್ತಿತ್ತು.

ಗಲಾಟೆ ಕೇಳಿ ಶಾಂತಕ್ಕ ಓಡಿ ಬಂದಳು. ಸಂಗತಿ ತಿಳಿದು ಎದೆ ಮೇಲೆ ಕೈ ಇಟ್ಟುಕೊಂಡಳು.

‘ಅಯ್ಯೋ, ಬರೀ ಕರ್ರ್ ಹೇಳ್ತಿತ್ತು ಮಾರಾಯ್ತಿ! ಹಾಳಾದ ಕ್ಯಾಸೆಟ್ಟು ಹೇಳಿ ತಿಳ್ಕಂಡಿ. ದೇವ್ರಾಣೆ ಗೊತ್ತಿಲ್ಲೆ ಕೂಸೆ.’

ಅವಳ ಹಿಂದೆಯೇ ಎದುರು ಮನೆಯ ಬಸಮ್ಮನವರೂ ಬಂದಿದ್ದರು. ಬನವಾಸಿ ಕಡೆಯವರು, ಗಂಡನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಅವರದು ನೆಟ್ಟ ಮಾತು.

‘ಅಳಬ್ಯಾಡ ತಂಗಿ. ಹೋದದ್ದು ಹೋತು. ಚಿತ್ರ ಬರದ ಹಾಳಿ ಐತಿಲ್ಲೋ?’

ಹಾಳೆ ಇತ್ತು.

‘ಮತ್ತ್ಯಾಕ ಅಳತಿ? ಚುಕ್ಕಿ ಇದ್ರ ಒಂದು, ಇಲ್ದಿದ್ರ ಸೊನ್ನಿ, ಅಷ್ಟ ಅಲ್ಲ? ನಾವು ಓದತೀವಿ, ನೀ ಒತ್ತು.’

ಭಾನುವಾರದ ಕಂಬಳ ಶಾಂತಕ್ಕನ ಮನೆಯಲ್ಲಿ ಆಗಬೇಕಿತ್ತು. ಅವಳು ಹಿಟ್ಟಿನ ಪಾತ್ರೆಯನ್ನೇ ಹೊತ್ತು ನಮ್ಮ ಮನೆಗೆ ಬಂದಳು. ‘ಕೈ ಚಕ್ಕುಲಿ ಸುತ್ತಲಿ, ಬಾಯಿ ಖಾಲಿ ಇದ್ದಲ’ ಎಂದಳು. ಟಿ.ವಿ. ಮುಂದೆ ನಾನು. ಗೋಡೆಗೆ ಕ್ಯಾಲೆಂಡರು ತಿರುವಿ ನೇತುಹಾಕಿ, ಆಯಿ ಸಾಲಿನ ಮೇಲೆ ಲಟ್ಟಣಿಗೆಯ ತುದಿ ಇಟ್ಟು ನಿಂತಳು. ಬಸಮ್ಮನವರು ಓದಲು ಶುರುಮಾಡಿದರು. ‘ಸೊನ್ನಿ, ಸೊನ್ನಿ, ಒಂದು, ಒಂದು, ಒಂದು, ಒಂದು, ಸೊನ್ನಿ, ಸೊನ್ನಿ. ಆತೇನ? ಕೆಳಗ ಇಳೀಲೇನ?’ ಅವರಿಗೆ ದಣಿವಾದಾಗ ಶಾಂತಕ್ಕ. ಶಾಂತಕ್ಕ ಓದಿದರೆ ಹಾಡಿನ ಹಾಗೆ, ಲಯ ತಪ್ಪುತ್ತಲೇ ಇರಲಿಲ್ಲ. ಆ ಲಯಕ್ಕೆ ನನ್ನ ಬೆರಳು ತಾನಾಗಿಯೇ ಓಡತೊಡಗಿತು. ತಿಂಗಳುಗಟ್ಟಲೆ ತೆವಳಿದ ಕೆಲಸ ಊಟದ ಹೊತ್ತಿಗೆ ಹೊಟ್ಟೆಯವರೆಗೆ ಬಂದಿತ್ತು! ಹಿಟ್ಟಿನ ಕೈಯವರು ಯಾರೂ ಕಂಪ್ಯೂಟರು ಮುಟ್ಟುವ ಹಾಗಿರಲಿಲ್ಲ, ಆದರೆ ಕಣ್ಣು ಎಲ್ಲರದೂ ಟಿ.ವಿ. ಮೇಲೆ.

‘ತಡಿ ತಡಿ, ಸೊಂಡಿಲ ಹತ್ರ ಒಂದು ಹೆಚ್ಚಾತು’ ಎಂದು ಅಪ್ಪಯ್ಯ.

‘ಮೋದಕ ಎಂತಕ್ಕೆ? ಬರೀ ಉಂಡೆ ಹಾಂಗೆ ಕಾಣ್ತು. ಚಕ್ಕುಲಿ ಕೊಡು ಅವಂಗೆ’ ಎಂದು ಸುಬ್ರಾಯ ಭಾವ.

ಅವರೇ ನೆಲದ ಮೇಲೆ ಅಕ್ಕಿ ಹಿಟ್ಟಿನಲ್ಲಿ ಚುಕ್ಕಿ ಇಟ್ಟು ಚಕ್ಕುಲಿ ಸುತ್ತಿ ತೋರಿಸಿದರು. ಎಂಟು ಚುಕ್ಕಿಯ ಅಗಲದಲ್ಲಿ ಅದು ನಿಜಕ್ಕೂ ಚಕ್ಕುಲಿಯೇ! ಬಸಮ್ಮನವರು ಪೇಟೆಯಿಂದ ಹೊಸ ಕ್ಯಾಸೆಟ್ಟು ತರಿಸಿದ್ದರು. ಸಂಜೆ ಅದಕ್ಕೆ ಎರಡೂ ಕಡೆ ತುಂಬಿ, ಮತ್ತೆ ಯಾರೂ ಕೆಂಪು ಗುಂಡಿ ಒತ್ತದ ಹಾಗೆ ಅದರ ನೆತ್ತಿಯ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದು ಹಾಕಿದೆ. ಶಾಂತಕ್ಕನ ನಗೆಯ ಕ್ಯಾಸೆಟ್ಟು ಪುಣೆಗೆ ಹೋಯಿತು.

ಸೋಮವಾರ ದೊಡ್ಡಪ್ಪ ಬಂದು, ಸ್ನಾನ ತಿಂಡಿ ಮುಗಿಸಿ, ಕುರ್ಚಿ ಎಳೆದು ಕುಳಿತರು. ಕರೆಯದೆಯೇ ಕೇರಿಯ ಅರ್ಧ ಜನ ಬಂದು ಬಾಗಿಲಲ್ಲಿ ನಿಂತಿದ್ದರು. ಕ್ಯಾಸೆಟ್ಟು ಕಿರಿಚಿತು. ಟಿ.ವಿ.ಯ ಅಂಚಿನಲ್ಲಿ ಪಟ್ಟೆ ಪಟ್ಟೆ ಓಡಿದವು. ಆ ಐದಾರು ನಿಮಿಷ ನಾನು ಕ್ಯಾಸೆಟ್ಟು ತಿರುಗುವುದನ್ನೇ ನೋಡುತ್ತ ಕುಳಿತೆ. ಆಮೇಲೆ ಕಿರೀಟ ಬಂತು, ಕಿವಿ ಬಂತು, ಸೊಂಡಿಲು ಬಂತು. ಚಕ್ಕುಲಿ ಮೂಡಿದಾಗ ಬಾಗಿಲಲ್ಲಿದ್ದವರು ಹೋ ಎಂದು ಕೂಗಿದರು.

ದೊಡ್ಡಪ್ಪ ಟಿ.ವಿ. ಹತ್ತಿರಕ್ಕೆ ಬಗ್ಗಿ ನೋಡಿದರು. ‘ಪೂರಾ ನೀನೇ ಮಾಡಿದ್ದನೆ?’

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟು ಜನರ ಎದುರು ಹಾಗೆ ಹೇಳಲು ನನಗೆ ಬಾಯೇ ಬರಲಿಲ್ಲ. ‘ಇಲ್ಲೆ ದೊಡ್ಡಪ್ಪ. ಚಿತ್ರ ಯನ್ನದು. ಓದಿದ್ದು ಶಾಂತಕ್ಕ, ಬಸಮ್ಮನವರು. ಚಕ್ಕುಲಿ ಸುಬ್ರಾಯ ಭಾವಂದು.’

‘ಆನು ಹೇಳಿದ್ದು ನೀನೇ ಮಾಡವು ಹೇಳಿ’ ಎಂದರು ದೊಡ್ಡಪ್ಪ. ನಗಲಿಲ್ಲ. ನನಗೆ ಧಾರವಾಡ ಕಾಣತೊಡಗಿತು.

ಸುಬ್ರಾಯ ಭಾವ ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ ಬಂದರು. ‘ಭಾವಯ್ಯ, ಒಂದು ಮಾತು. ಕಂಬಳದಲ್ಲಿ ಸುತ್ತಿದ ಚಕ್ಕುಲಿ ಯಾರದ್ದು?’

‘ಯಾರದ್ದು ಅಂದ್ರೆ? ಹಿಟ್ಟು ಯಾರದ್ದೋ ಅವ್ರದ್ದು.’

‘ಸುತ್ತಿದವ್ರದ್ದು ಅಲ್ದಲ?’

‘ಅದೆಂಗೆ ಆಗ್ತು? ಸುತ್ತಿದವು ಚಾ ಕುಡ್ಕಂಡು ಹೋಗ್ತ.’

‘ಹಾಂಗಿದ್ರೆ ಈ ಗಣಪತಿಯ ಹಿಟ್ಟು ಈ ಕೂಸಿಂದು. ಸುತ್ತಿದ ಯಂಗ ಎಲ್ಲ ಚಾ ಕುಡದ್ದೂ ಆತು.’

ದೊಡ್ಡಪ್ಪ ಸುಬ್ರಾಯ ಭಾವನನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕುರ್ಚಿ ಅಲುಗುವ ಹಾಗೆ ನಕ್ಕರು. ‘ಅದರ ವೈರು ಎಲ್ಲ ಸಮಾ ಸುತ್ತಿ ಇಡು, ಇಲ್ಲದ್ರೆ ತುಂಡಾಗ್ತು’ ಎಂದರು. ಅಷ್ಟೇ. ಕಂಪ್ಯೂಟರು ನನ್ನದಾಯಿತು. ಅವತ್ತು ಮಧ್ಯಾಹ್ನ ನಾನು ಹಚ್ಚಿದಷ್ಟು ಪಟಾಕಿ ಕೇರಿಯಲ್ಲಿ ಯಾರೂ ಹಚ್ಚಿರಲಿಕ್ಕಿಲ್ಲ.

ಈಗ ನಾನು ಯಲ್ಲಾಪುರದಲ್ಲಿದ್ದೇನೆ. ಮನೆಯ ಹೊರಕೋಣೆಯ ಕಪಾಟು ತುಂಬ ಇಂಥವೇ ಹಳೆಯ ಕಂಪ್ಯೂಟರುಗಳು. ಹುಬ್ಬಳ್ಳಿಯ ಗುಜರಿಯಿಂದ ಎತ್ತಿಕೊಂಡು ಬಂದವು, ಯಾರೋ ಅಟ್ಟದಿಂದ ಇಳಿಸಿ ಕೊಟ್ಟವು. ಮೊಬೈಲಿನಲ್ಲೇ ಎಲ್ಲ ಇರುವಾಗ ಈ ಡಬ್ಬಿಗಳು ಯಾಕೆ ಎಂದು ಕೇಳುವವರಿಗೆ ನಾನು ಒಂದನ್ನು ಬಿಚ್ಚಿ ತೋರಿಸುತ್ತೇನೆ. ಮೊಬೈಲು ಕೆಟ್ಟರೆ ಎಸೆಯುತ್ತೀರಿ. ಇವುಗಳ ಒಳಗೆ ಏನು ಕೆಟ್ಟಿದೆ ಎಂದು ನಾನು ಬೆರಳಿಟ್ಟು ಹೇಳಬಲ್ಲೆ. ಉಬ್ಬಿದ ಕೆಪಾಸಿಟರು ಬದಲಿಸುತ್ತೇನೆ, ಸವೆದ ಗುಂಡಿಯ ಕೆಳಗಿನ ಹಾಳೆ ಬದಲಿಸುತ್ತೇನೆ. ಹೊಸ ಟಿ.ವಿ.ಗೆ ಹೊಂದುವ ಹಾಗೆ ವೈರು ಮಾಡಿದ್ದೇನೆ. ಕ್ಯಾಸೆಟ್ಟಿನ ಬದಲು ಉಗುರಿನಷ್ಟು ಚಿಕ್ಕ ಮೆಮೊರಿ ಕಾರ್ಡು. ಕಿರಿಚಾಟ ಇಲ್ಲ, ಕಾಯುವ ಕೆಲಸವೂ ಇಲ್ಲ. ಸತ್ತೇಹೋಯಿತು ಎಂದವರ ಯಂತ್ರಗಳು ನನ್ನ ಮೇಜಿನ ಮೇಲೆ ಎದ್ದು ಕೂತಿವೆ.

ಶಾಂತಕ್ಕನೂ ಸುಬ್ರಾಯ ಭಾವನೂ ಈಗಿಲ್ಲ. ಬಸಮ್ಮನವರ ಮನೆ ಇದ್ದಲ್ಲಿ ಮೂರಂತಸ್ತಿನ ಅಂಗಡಿ ಎದ್ದಿದೆ. ನಮ್ಮ ಕೇರಿಯಲ್ಲಿ ಕಂಬಳ ನಿಂತೇ ಹೋಯಿತು. ನಾನೂ ಏನು ಕಮ್ಮಿಯಿಲ್ಲ, ಚಕ್ಕುಲಿಗೆ ಸಿದ್ದಾಪುರದ ಅಂಗಡಿಗೆ ಫೋನು ಮಾಡಿದರೆ ಬಸ್ಸಿಗೆ ಹಾಕಿ ಕಳಿಸುತ್ತಾರೆ. ಅಚ್ಚಿನ ಚಕ್ಕುಲಿ, ರುಚಿಗೆ ಮೋಸವಿಲ್ಲ.

ಕಳೆದ ಚೌತಿಗೆ ಆ ಗಣಪತಿಯನ್ನು ಮತ್ತೆ ಮೂಡಿಸಬೇಕೆನಿಸಿತು. ಹಳೆಯ ಹಾಳೆ ಎಂದೋ ಹೋಗಿತ್ತು, ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ನೆನಪಿನಿಂದಲೇ ಕುಳಿತು ಒತ್ತಿದೆ. ಬಾಯಲ್ಲಿ ಸೊನ್ನೆ ಒಂದು ಹೇಳಿಕೊಳ್ಳುತ್ತ, ನಾನೇ ಓದಿ, ನಾನೇ ಒತ್ತಿ, ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ. ಫೋಟೋ ತೆಗೆದು ಎಲ್ಲ ಕಡೆ ಕಳಿಸಿದೆ. ಬೆಂಗಳೂರು, ಪುಣೆ, ಎಲ್ಲಿಯದೋ ಹಳೇ ಕಂಪ್ಯೂಟರಿನ ಹುಚ್ಚರು, ಎಲ್ಲರೂ ಹೆಬ್ಬೆರಳು ಎತ್ತಿದರು, ಕೈ ಮುಗಿದರು, ಭಾರೀ ಎಂದರು. ನನಗೂ ಖುಷಿಯೇ ಆಯಿತು. ಹಬ್ಬ ಕಳೆದು ಎರಡು ದಿನದ ಮೇಲೆ ಕಪಾಟು ಒರೆಸುವಾಗ, ಆರಿಸದೆ ಬಿಟ್ಟಿದ್ದ ಟಿ.ವಿ. ಕಡೆ ನೋಡಿದೆ. ಗಣಪತಿಯ ಎಡಗಿವಿಯಲ್ಲಿ ಒಂದು ಚುಕ್ಕಿ ಬಿಟ್ಟುಹೋಗಿತ್ತು. ಅಷ್ಟು ಜನ ನೋಡಿದ್ದರು, ಒಬ್ಬರೂ ‘ತಡಿ ತಡಿ’ ಎಂದಿರಲಿಲ್ಲ.