ಆಲದ ಗಿಡಕ್ಕೆ ಹುಳ ಬಿದ್ದ ವರ್ಷ

ನನ್ನ ಗಂಡ ಇಂಡಿ ಊರಿನ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ದಿನವಿಡೀ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಊರವರ ಕೈಗಡಿಯಾರಗಳ ಹೊಟ್ಟೆಯೊಳಗೆ ಇಣುಕುವ ಮನುಷ್ಯ, ಮನೆಗೆ ಬಂದ ಮೇಲಾದರೂ ಹೆಂಡತಿಯ ಮುಖ ನೋಡಬೇಕಲ್ಲ? ನೋಡುತ್ತಿರಲಿಲ್ಲ. ಮನೆಯಲ್ಲಿ ಅವರಿಗೆ ನೋಡಲು ಆಲದ ಗಿಡವಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಮುದ್ದೇಬಿಹಾಳದಿಂದ ಬಂದ ನನಗೆ ಆಲವೆಂದರೆ ಊರ ಹೊರಗೆ ನಿಂತು ಬಂಡಿಗಳಿಗೆ ನೆರಳು ಕೊಡುವ ಮರ. ಇದೋ, ನೀರಿನ ತಂಬಿಗೆಗಿಂತ ಸ್ವಲ್ಪ ಎತ್ತರ. ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನಿಂತಿತ್ತು, ಆದರೂ ಬಿಳಲು ಬಿಟ್ಟಿತ್ತು. ಸೊಲ್ಲಾಪುರದ ಗಿರಾಕಿಯೊಬ್ಬರು ದೂರದ ಊರಿಗೆ ವರ್ಗವಾದಾಗ, "ಇದಕ್ಕ ಬೋನ್ಸಾಯ್ ಅಂತಾರ. ಒಣಗಾಕತ್ತೇತಿ, ನಿಮ್ಮ ಕೈಯಾಗರ ಉಳೀಲ್ರಿ" ಎಂದು ಕೊಟ್ಟು ಹೋಗಿದ್ದರಂತೆ. ನಾನು ಈ ಮನೆಯ ಹೊಸ್ತಿಲು ತುಳಿಯುವ ಮೊದಲೇ ಅದು ಒಳಗೆ ಬಂದು ಕೂತಿತ್ತು. ಓಣಿಯವರೆಲ್ಲ ಕಾಕು ಎಂದು ಕರೆಯುವ ಎದುರುಮನೆಯ ಹಿರಿಯಳು ನನ್ನನ್ನು ಕಾಡಿಸುತ್ತಿದ್ದಳು: "ಹಿರೇ ಹೇಣ್ತಿ ಅದು. ನೀ ಸಣ್ಣಾಕಿ, ತಗ್ಗಿ ಬಗ್ಗಿ ನಡಿಯವ್ವಾ."

ಅದಕ್ಕೆ ದಿನಕ್ಕೊಂದು ಜಡ್ಡು. ಇವತ್ತು ಎಲೆ ಹಳದಿ, ನಾಳೆ ಕಾಂಡದ ಮೇಲೆ ಕಂದು ಚುಕ್ಕೆ. ಇವರು ಒಂದೊಂದೇ ಎಲೆಯನ್ನು ಬೆರಳ ಮೇಲೆ ಮಲಗಿಸಿಕೊಂಡು ಹಿಂದೆ ಮುಂದೆ ನೋಡುವರು. ನಾನು ಇಳಕಲ್ ಸೀರೆ ಉಟ್ಟು ಎದುರಿಗೆ ಸುಳಿದರೆ, "ಬೆಳಕಿಗೆ ಅಡ್ಡ ನಿಂದರಬ್ಯಾಡ" ಎನ್ನುವರು. ಹೆಂಗಸಿನ ಮೇಲೆ ಮತ್ಸರವಾದರೆ ಓಣಿಯಲ್ಲಿ ನಿಂತು ಜಗಳವಾಡಬಹುದು. ಗಿಡದ ಮೇಲೆ ಆದರೆ ಯಾರ ಮುಂದೆ ಹೇಳಿಕೊಳ್ಳುವುದು?

ಆ ವರ್ಷದ ಕಾರಹುಣ್ಣಿಮೆಯ ಹಿಂದಿನ ದಿನ ಜೋರು ಮಳೆ. ಹುಣ್ಣಿಮೆಯ ದಿನ ಮುತ್ತೈದೆಯರು ಊರ ಹೊರಗಿನ ಆಲದ ಮರಕ್ಕೆ ನೂಲು ಸುತ್ತಿ ಪೂಜೆ ಮಾಡುವುದು ವಾಡಿಕೆ. ಎರೆಮಣ್ಣಿನ ಕೆಸರಿನಲ್ಲಿ ಅಲ್ಲಿಯವರೆಗೆ ಹೋಗುವವರಾರು? ಕಾಕುವೇ ದಾರಿ ತೋರಿಸಿದಳು. "ಮನ್ಯಾಗ ಆಲದ ಗಿಡ ಇಟಗೊಂಡು ರಾಡಿ ಯಾಕ ತುಳೀಬೇಕು? ಬಿಳಲ ಬಿಟ್ಟೈತಿ ಅಂದಮ್ಯಾಗ ಆಲನ ಅದು." ಇವರು ಅಂಗಡಿಗೆ ಹೋದದ್ದೇ ತಡ, ಓಣಿಯ ಹೆಂಗಸರೆಲ್ಲ ಬಂದರು. ಕಾಂಡ ಕಾಣದ ಹಾಗೆ ನೂಲು ಸುತ್ತಿದರು, ಅರಿಷಿಣ ಕುಂಕುಮ ಹಚ್ಚಿದರು, ಸರದಿಯ ಮೇಲೆ ಸಕ್ಕರೆ ಹಾಲು ಎರೆದರು. ಇದೇ ಗಂಡ ಏಳು ಜನ್ಮಕ್ಕೂ ಸಿಗಲಿ ಎಂದು ನಾನೂ ಬೇಡಿಕೊಂಡೆ. ಬೇಡಿಕೊಂಡದ್ದು ಯಾರ ಹತ್ತಿರ ನೋಡಿ!

ಸಂಜೆ ಬಂದ ಇವರು ನೂಲು ಬಿಚ್ಚಿದರು. ಹಾಲು ಮಾತ್ರ ಮಣ್ಣಿಗೆ ಇಳಿದುಹೋಗಿತ್ತು. ಮೊದಲು ಇರುವೆ ಬಂದವು. ಆಮೇಲೆ ಎಲೆಯ ಬುಡಗಳಲ್ಲಿ ಅರಳೆಯ ಚೂರಿನಂಥ ಬಿಳಿ ಹುಳ ಕಾಣಿಸಿಕೊಂಡವು. ಎಲೆಗಳೆಲ್ಲ ಬೆಲ್ಲದ ಪಾಕ ಸವರಿದ ಹಾಗೆ ಅಂಟಂಟಾಗಿ, ಉದುರತೊಡಗಿದವು.

ಇವರು ಅಂಗಡಿಯ ಚಿಮಟವನ್ನು ಮನೆಗೇ ತಂದರು. ಭೂತಗನ್ನಡಿ ಹಾಕಿಕೊಂಡು ಒಂದೊಂದೇ ಹುಳ ಕೀಳುವರು. ತಂಬಾಕು ನೆನೆಸಿದ ನೀರು ಚಿಮುಕಿಸುವರು, ಅಂಟವಾಳಕಾಯಿಯ ನೊರೆಯಲ್ಲಿ ಎಲೆ ತೊಳೆಯುವರು. ಮರುದಿನ ನೋಡಿದರೆ ಹುಳ ಮತ್ತೆ ಅಷ್ಟೇ. ಅಂಗಡಿ ಬೇಗ ಮುಚ್ಚತೊಡಗಿತು, ರೊಟ್ಟಿ ಆರಿ ಕಟಕಲಾಗತೊಡಗಿತು. ಒಂದು ದಿನ ತಡೆಯಲಾಗದೆ ಕೇಳಿಯೇಬಿಟ್ಟೆ.

"ನನ್ನ ಮಾರಿ ಒಮ್ಮೆರ ಹಿಂಗ ನೋಡೀರೇನ್ರಿ?"

ತಲೆ ಎತ್ತಲಿಲ್ಲ. "ನಿನಗೇನು ಹುಳ ಬಿದ್ದಾವೇನು?" ಎಂದರು.

ಅಂದು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಸಾಯಲಿ ಅದು ಎಂದುಕೊಂಡೆ. ಅಳು ನಿಂತ ಮೇಲೆ ಬುದ್ಧಿ ಬಂತು. ಬದುಕಿರುವ ಸವತಿಯನ್ನು ಹೇಗಾದರೂ ಗೆಲ್ಲಬಹುದು, ಸತ್ತವಳನ್ನು ಗೆಲ್ಲುವುದುಂಟೇ? ಅದು ಸತ್ತರೆ ಇವರು ಜನ್ಮವಿಡೀ ಆ ಖಾಲಿ ತಟ್ಟೆಯನ್ನೇ ನೋಡುತ್ತ ಕೂರುತ್ತಾರೆ. ಗಿಡ ಬದುಕಲೇಬೇಕಿತ್ತು, ನನ್ನ ಸಲುವಾಗಿ.

ಮರುದಿನ ಅದರ ಮುಂದೆ ನಾನೇ ಕೂತೆ. ಇವರು ನೋಡಿದ್ದು ಹುಳವನ್ನು, ನಾನು ನೋಡಿದ್ದು ಇರುವೆಯನ್ನು. ಇರುವೆ ಹುಳವನ್ನು ತಿನ್ನುತ್ತಿರಲಿಲ್ಲ. ನಮ್ಮ ಕಡೆಯ ಕುರುಬರು ಕುರಿ ಕಾಯುವ ಹಾಗೆ ಕಾಯುತ್ತಿತ್ತು, ಹುಳ ಬಿಡುವ ಸಿಹಿ ಅಂಟನ್ನು ನೆಕ್ಕುತ್ತಿತ್ತು. ಕಾವಲಿಗೆ ನಿಂತವರನ್ನು ಬಿಟ್ಟು ಕುರಿಯನ್ನಷ್ಟೇ ಓಡಿಸಿದರೆ ಏನು ಬಂತು?

ತಟ್ಟೆಯನ್ನು ಬಕೀಟಿನ ನೀರಿನಲ್ಲಿ ಮುಳುಗಿಸಿದೆ. ಮಣ್ಣಿನೊಳಗಿನ ಇರುವೆಗಳು ಮೊಟ್ಟೆ ಕಚ್ಚಿಕೊಂಡು ಮೇಲೆ ತೇಲಿದವು. ಮೇಲಿನ ಮಣ್ಣು ತೆಗೆದು ಹೊಸದು ಹಾಕಿದೆ. ಬೆಲ್ಲದ ಗಡಿಗೆಯನ್ನು ನೀರಿನಲ್ಲಿ ಇಡುವ ಹಾಗೆ, ಹಿಟ್ಟು ನಾದುವ ಪರಾತದಲ್ಲಿ ನೀರು ತುಂಬಿ, ನಡುವೆ ಬಟ್ಟಲು ಬೋರಲು ಹಾಕಿ, ಅದರ ಮೇಲೆ ಗಿಡ ಇಟ್ಟೆ. ಆಮೇಲೆ ಇವರು ಕಿತ್ತ ಹುಳ ಮತ್ತೆ ಬರಲಿಲ್ಲ. ಶ್ರಾವಣದ ಹೊತ್ತಿಗೆ ತುದಿಗಳಲ್ಲಿ ಕೆಂಪು ಚಿಗುರು.

ಇವರು ಕೊನೆಯ ಸಲ ಎಲೆಗಳನ್ನೆಲ್ಲ ನೋಡಿ, "ಈಗ ಛಲೋ ಆತು" ಎಂದು ಭೂತಗನ್ನಡಿ ತೆಗೆದರು. ಇನ್ನು ನನ್ನ ಸರದಿ ಎಂದುಕೊಂಡು ಸೆರಗು ಸರಿಮಾಡಿಕೊಂಡು ನಿಂತೆ. ಅವರು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು.

ಸಂಜೆ ಬರುವಾಗ ಬಗಲಲ್ಲಿ ಸಿಂದಗಿಯ ಗಿರಾಕಿಯದೊಂದು ಗೋಡೆ ಗಡಿಯಾರವಿತ್ತು. ಗಂಟೆ ಬಾರಿಸುವುದನ್ನೇ ಮರೆತದ್ದು. ಅದನ್ನು ಇಡಲು ಜಾಗ ಸಾಲದೆ, ಪರಾತವನ್ನು ಮುಂಗೈಯಿಂದ ಮೂಲೆಗೆ ಸರಿಸಿದರು, ನೀರು ತುಳುಕಿತು, ನೋಡಲಿಲ್ಲ. ಮರುದಿನವೂ ಗಿಡದ ಕಡೆ ತಿರುಗಲಿಲ್ಲ. ಆಗ ತಿಳಿಯಿತು ನನಗೆ: ನನ್ನ ಗಂಡನ ಕಣ್ಣು ಕೆಟ್ಟದ್ದರ ಮೇಲೆ ಮಾತ್ರ ನಿಲ್ಲುತ್ತದೆ. ನೆಟ್ಟಗಿದ್ದದ್ದು ಯಾವುದೂ ಅವರಿಗೆ ಕಾಣುವುದಿಲ್ಲ, ಅದು ಗಿಡವಿರಲಿ, ಹೆಂಡತಿಯಿರಲಿ.

ಗಿಡವನ್ನು ಎತ್ತಿ ತಂದು ಅಡುಗೆಮನೆಯ ಕಿಟಕಿಯಲ್ಲಿ, ನಾನು ರೊಟ್ಟಿ ಬಡಿಯುವ ಜಾಗದ ಮಗ್ಗುಲಿಗೆ ಇಟ್ಟುಕೊಂಡೆ. ಆಮೇಲೆ ನಾವು ಸವತಿಯರಿಬ್ಬರೂ ಕೂಡಿ ಆ ಗಡಿಯಾರಕ್ಕೆ ಮನಸಾರೆ ಬೈದೆವು.